ಮೂವತ್ತೊಂದು ಕೆಂಪು ಹೂವು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗೇಜಮ್ಮ ಎನ್ನುತ್ತಿದ್ದರು. ಗೇಜು ಎಂದರೆ ಅಳತೆ ನೋಡುವ ಸಾಧನ. ಪಂಪಿನ ಶಾಫ್ಟುಗಳನ್ನು ತಯಾರಿಸುವ ಆ ಕಾರ್ಖಾನೆಯಲ್ಲಿ ಹದಿನಾರು ವರ್ಷದಿಂದ ಅವಳಿಗಿದ್ದ ಕೆಲಸ ಒಂದೇ: ತಯಾರಾಗಿ ಬಂದ ಪ್ರತಿಯೊಂದು ಶಾಫ್ಟನ್ನೂ ಅನುಮಾನಿಸುವುದು. ಅಳತೆ ಸರಿಯಿದ್ದರೆ ಹಸಿರು ಚುಕ್ಕೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಚುಕ್ಕೆ. ಕೆಂಪು ಬಿದ್ದದ್ದು ತಿದ್ದುವ ಬೆಂಚಿಗೆ ವಾಪಸು ಹೋಗಬೇಕು, ಕೋಣೆಯ ಬಾಗಿಲು ದಾಟುವ ಹಾಗಿಲ್ಲ. ಈ ಹದಿನಾರು ವರ್ಷದಲ್ಲಿ ಅವಳು ಹಸಿರು ಹಚ್ಚಿ ಕಳಿಸಿದ ಒಂದೇ ಒಂದು ಶಾಫ್ಟೂ ಗಿರಾಕಿಯ ಕಡೆಯಿಂದ ತಿರುಗಿ ಬಂದಿರಲಿಲ್ಲ. ಅದನ್ನು ಅವಳು ಹೇಳಿಕೊಳ್ಳುತ್ತಲೂ ಇರಲಿಲ್ಲ. ಬೇರೆಯವರು ಹೇಳಲಿ ಎಂದು ಕಾಯುತ್ತಿದ್ದಳು, ಅಷ್ಟೆ.

ಕೆಲಸದಿಂದ ಈ ಸ್ವಭಾವ ಬಂತೋ, ಈ ಸ್ವಭಾವ ನೋಡಿಯೇ ಕೆಲಸ ಕೊಟ್ಟರೋ, ಈಗ ಹೇಳುವುದು ಕಷ್ಟ. ಮನೆಯಲ್ಲೂ ಅವಳು ಹಾಗೆಯೇ. ಅತ್ತೆ ಮಂಡಿ ನೋವು ಎಂದರೆ ಎಡಗಾಲೋ ಬಲಗಾಲೋ ಎಂದು ಕೇಳಿ, ಮರುದಿನ ಮತ್ತೆ ಕೇಳಿ, ಎರಡೂ ಉತ್ತರ ತಾಳೆ ನೋಡುವಳು. ಗಂಡ ಬಸ್ಸಿನ ಡ್ರೈವರು. ಟೈರು ಪಂಕ್ಚರಾಗಿ ತಡವಾಯಿತು ಎಂದು ಅವನು ಹೇಳಿದರೆ, ಎಲ್ಲಿ ಅಂಗೈ ತೋರಿಸಿ ಎನ್ನುವಳು. ಅವನು ಪಾಪ, ತೋರಿಸುವನು.

ಆ ವರ್ಷ ಗುಣಮಟ್ಟದ ಕೋಣೆಗೆ ಜಪಾನಿನಿಂದ ಒಂದು ಹೊಸ ಯಂತ್ರ ಬಂತು. ನುಣುಪು ಕಲ್ಲಿನ ಮೇಜು, ಅದರ ಮೇಲೆ ಓಡಾಡುವ ಒಂದು ತೋಳು, ತೋಳಿನ ತುದಿಗೆ ಸಾಸಿವೆಯಷ್ಟು ಮಣಿ. ಶಾಫ್ಟನ್ನು ಮೇಜಿನ ಮೇಲಿಟ್ಟರೆ ಸಾಕು, ಮಣಿ ತಾನೇ ಬಂದು ಅಲ್ಲಲ್ಲಿ ಮುಟ್ಟಿ ಅಳತೆ ಹೇಳಿಬಿಡುತ್ತಿತ್ತು. ಗೇಜಮ್ಮ ಇಡೀ ಬೆಳಿಗ್ಗೆ ಕೂತು ಮಾಡುವ ಕೆಲಸ ಅದಕ್ಕೆ ಹತ್ತು ನಿಮಿಷದ್ದು. ಅವಳು ಅದರ ಲೆಕ್ಕವನ್ನು ತನ್ನ ಕೈಯಿಂದ ಮೂರು ಸಲ ಪರೀಕ್ಷಿಸಿದಳು. ಮೂರು ಸಲವೂ ಯಂತ್ರದ್ದೇ ಸರಿಯಾಗಿತ್ತು. ಅಂದು ಅವಳಿಗೆ ಊಟ ಸೇರಲಿಲ್ಲ.

"ಒಬ್ಬರು ಜಪಾನಿಗೆ ಹೋಗಿ ಆರು ತಿಂಗಳು ಇದನ್ನ ಕಲಿತು ಬರಬೇಕು. ಬಂದವರೇ ಈ ಕೋಣೆಗೆ ಮುಖ್ಯಸ್ಥರು," ಎಂದರು ಮ್ಯಾನೇಜರು. "ಅಲ್ಲಿ ಕಲಿಸೋರಿಗೆ ಜಪಾನಿ ಬಿಟ್ಟು ಬೇರೆ ಮಾತು ಬರಲ್ಲ. ಅದಕ್ಕೆ ಇಬ್ಬರೂ ನಾಲ್ಕು ತಿಂಗಳು ಭಾಷೆ ಕಲೀರಿ. ಕೊನೆಗೆ ಅಲ್ಲಿನ ತರಬೇತಿ ವಿಭಾಗದ ಮೇಡಂ ಪರದೆ ಮೇಲೆ ಬಂದು ಮಾತಾಡಿಸ್ತಾರೆ. ಅವರು ಯಾರನ್ನ ಆರಿಸ್ತಾರೋ ಅವರು ಹೋಗ್ತಾರೆ."

ಇಬ್ಬರಲ್ಲಿ ಒಬ್ಬಳು ಗೇಜಮ್ಮ. ಇನ್ನೊಬ್ಬಳು ಅವಳ ಸ್ವಂತ ನಾದಿನಿ, ಗಂಡನ ಕೊನೆಯ ತಂಗಿ. ಹುಟ್ಟಿದಾಗಿನಿಂದ ಬಾಯಿ ಮುಚ್ಚಿ ಗೊತ್ತಿಲ್ಲದ ಹುಡುಗಿ, ಮನೆಯಲ್ಲಿ ಅವಳಿಗೆ ಗಿಲಕಿ ಎಂದೇ ಹೆಸರು. ಆರು ವರ್ಷದ ಹಿಂದೆ ಗೇಜಮ್ಮನೇ ಅವಳನ್ನು ಈ ಕೋಣೆಗೆ ಕರೆತಂದು, ಬೆರಳು ಹಿಡಿದು ಮೈಕ್ರೋಮೀಟರು ತಿರುಗಿಸುವುದನ್ನು ಕಲಿಸಿದ್ದಳು. ಈಗ ಅದೇ ಗಿಲಕಿ ಜಪಾನಿಗೆ ಹೋಗಿ ಬಂದು ಮುಖ್ಯಸ್ಥೆಯ ಕುರ್ಚಿಯಲ್ಲಿ ಕೂತರೆ ತನ್ನ ಗತಿಯೇನು? ಹದಿನಾರು ವರ್ಷ ಪಳಗಿದ ಕೈಯನ್ನು ಹಳೆಯ ಗೇಜುಗಳ ಜೊತೆ ಕಪಾಟಿನಲ್ಲಿಟ್ಟು ಬೀಗ ಹಾಕುವುದೇ? ಯಾರಿಗೂ ಹೇಳಲಿಲ್ಲ. ಹೋಗಬೇಕಾದವಳು ತಾನೇ ಎಂದು ಮಾತ್ರ ಹಲ್ಲು ಕಚ್ಚಿ ತೀರ್ಮಾನಿಸಿದಳು.

ಯಂತ್ರವನ್ನು ಕೂರಿಸಲು ಬಂದಿದ್ದ ಜಪಾನಿ ಎಂಜಿನಿಯರೇ ಪಾಠ ಹೇಳಬೇಕೆಂದು ಗೊತ್ತಾಯಿತು. ಐವತ್ತೈದು ದಾಟಿದ ಸಣಕಲು ಮನುಷ್ಯ. ಎಲ್ಲರೂ ಮೇಷ್ಟ್ರು ಎನ್ನತೊಡಗಿದರು. ಬಂದು ಆರು ತಿಂಗಳಿಗೇ ಅವನು ಕನ್ನಡ ಮಾತಾಡುತ್ತಿದ್ದ. ಎಂಥ ಕನ್ನಡ! "ನಾನು ನೀರು ಕುಡಿದರು ಬೇಕು," ಎನ್ನುವನು. "ನಿನ್ನೆ ಮಳೆ ಬರುತ್ತೇನೆ," ಎನ್ನುವನು. ಕ್ಯಾಂಟೀನಿನವರು ಹೊಟ್ಟೆ ಹಿಡಿದುಕೊಂಡು ನಗುವರು, ಅವನೂ ಜೊತೆಗೆ ನಗುವನು, ನೀರು ಮಾತ್ರ ಅವನ ಮುಂದೆ ಬಂದಿರುತ್ತಿತ್ತು. ಇಷ್ಟು ಕೆಂಪು ಚುಕ್ಕೆಯ ಮಾತುಗಳನ್ನು ನಾಚಿಕೆಯಿಲ್ಲದೆ ಬಾಗಿಲು ದಾಟಿಸುವವನು ಇನ್ನೊಬ್ಬರಿಗೆ ಭಾಷೆ ಏನು ಕಲಿಸಿಯಾನು ಎಂಬುದು ಗೇಜಮ್ಮನ ಮೊದಲನೆಯ ಅನುಮಾನ.

ಸಂಜೆ ನಾಲ್ಕಕ್ಕೆ ಪಾಳಿ ಮುಗಿದ ಮೇಲೆ ಕ್ಯಾಂಟೀನಿನ ಹಿಂಬದಿಯ ಮೇಜಿನ ಮೇಲೆ ಪಾಠ. ಮೊದಲ ವಾರ ಅಕ್ಷರಗಳು. ಗೇಜಮ್ಮ ನಕ್ಷೆ ಬರೆಯುವ ಚೌಕಳಿ ಹಾಳೆ ತಂದು, ಒಂದೊಂದು ಅಕ್ಷರವನ್ನೂ ನೂರು ಸಲ ತಿದ್ದಿದಳು. ಮೂರನೆಯ ದಿನ ಅವಳ ಪುಸ್ತಕ ನೋಡಿ ಮೇಷ್ಟ್ರ ಹುಬ್ಬು ಮೇಲೇರಿತು. ಕೆಂಪು ಪೆನ್ನು ತೆಗೆದು ಪುಟದ ಮೇಲೆ ಸುರುಳಿ ಸುತ್ತಿ, ಸುತ್ತಲೂ ಎಸಳು ಬರೆದು ಒಂದು ಹೂವು ಮಾಡಿದ.

"ಕೆಂಪು ಯಾಕೆ? ಏನು ತಪ್ಪಾಗಿದೆ?" ಎಂದಳು ಗೇಜಮ್ಮ, ಮುಖ ಬಿಗಿದು.

"ತಪ್ಪು ಇಲ್ಲ! ಇದು ಹನಮಾರು. ನಮ್ಮ ಊರು ಶಾಲೆ, ಮಗು ಚೆನ್ನಾಗಿ ಬರೆಯುತ್ತದೆ, ಮೇಷ್ಟ್ರು ಹೂವು ಕೊಡುತ್ತದೆ. ನೀವು ಜೋಜು! ಜೋಜು ಅಂದರೆ ತುಂಬ ಬಲ್ಲವರು."

ಗಿಲಕಿಗೂ ಮೊದಲೆರಡು ವಾರ ಒಂದೋ ಎರಡೋ ಹೂವು ಸಿಕ್ಕವು. ಆಮೇಲೆ ನಿಂತುಹೋದವು. ಗೇಜಮ್ಮನಿಗೆ ಮಾತ್ರ ತಪ್ಪದೆ ಬೀಳುತ್ತಿದ್ದವು. ಅವಳು ಎಣಿಸುತ್ತಿದ್ದಳು. ಎಣಿಸದೆ ಇರುವುದು ಅವಳಿಗೆ ಗೊತ್ತೇ ಇರಲಿಲ್ಲ.

ಸಂಖ್ಯೆಗಳ ಪಾಠದ ದಿನ ಮೇಷ್ಟ್ರು ಹಲಗೆಯ ಮೇಲೆ ಜಪಾನಿ ಲಿಪಿಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಬರೆದು, ಕೆಳಗೆ ಉದಾಹರಣೆಗೆಂದು ಹತ್ತು ಹನ್ನೊಂದು ಅಂಕಿಗಳ ಒಂದು ಸಾಲು ಬರೆದ. ಬರೆದು, ನಗುತ್ತಾ, ಕೈ ಆಡಿಸುತ್ತಾ ಏನೋ ಹೇಳಿದ. ಗಿಲಕಿ ಕಿಸಕ್ಕನೆ ನಕ್ಕು ಏನೋ ಕೇಳಿದಳು, ಅವನು ಇನ್ನೇನೋ ಹೇಳಿದ. ಗೇಜಮ್ಮ ತಲೆಯೆತ್ತಲಿಲ್ಲ. ನಾಲ್ಕರ ಚೌಕದೊಳಗಿನ ಎರಡು ಗೀಟುಗಳು ಸಮವಾಗಿ ಬರುತ್ತಿರಲಿಲ್ಲ, ಅದನ್ನು ಸರಿಮಾಡುವುದರಲ್ಲಿ ಅವಳು ಮುಳುಗಿದ್ದಳು. ಇವರಿಬ್ಬರ ಹರಟೆಗೆ ಕಿವಿಗೊಟ್ಟರೆ ಗೀಟು ಸೊಟ್ಟಗಾಗುತ್ತದೆ. ಆ ಉದಾಹರಣೆಯ ಸಾಲನ್ನು ಅವಳು ಪುಟದ ತುಂಬ ಐವತ್ತು ಸಲ ಅಚ್ಚು ಹಾಕಿದಂತೆ ಬರೆದಳು. ಅದಕ್ಕೆ ಬಿದ್ದ ಹೂವು ಎಲ್ಲಕ್ಕಿಂತ ದೊಡ್ಡದು.

ಮನೆಯಲ್ಲಿ ಗಿಲಕಿಯ ಕಲಿಕೆ ಒಂದು ಪೀಡೆಯಾಗಿತ್ತು. ಫ್ರಿಜ್ಜು, ಕನ್ನಡಿ, ಕುರ್ಚಿ, ನಲ್ಲಿ, ಎಲ್ಲಕ್ಕೂ ಜಪಾನಿ ಹೆಸರಿನ ಚೀಟಿ ಅಂಟಿಸಿದಳು. ಕನ್ನಡಕದ ಡಬ್ಬಿಗೂ ಅಂಟಿಸಿದಾಗ ಅತ್ತೆ, "ನನ್ನ ಹಣೆಗೊಂದು ಬಾಕಿ ಇದೆ, ಅಲ್ಲಿಗೂ ಹಚ್ಚಿಬಿಡೇ," ಎಂದು ಸಿಡುಕಿದರು. ಗಿಲಕಿ ನಿಜವಾಗಿಯೂ ಹಚ್ಚಲು ಹೋದಳು. ಹಲ್ಲುಜ್ಜುತ್ತಾ ಜಪಾನಿಯಲ್ಲಿ ಗೊಣಗುವಳು, ಬೆಕ್ಕಿಗೆ ಜಪಾನಿಯಲ್ಲಿ ಬೈಯುವಳು, ಒಂದು ಪದ ಗೊತ್ತಿಲ್ಲದಿದ್ದರೆ ಅಲ್ಲಿಗೆ ಕನ್ನಡದ ಪದ ತುರುಕಿ ಮುಂದೆ ಓಡುವಳು. ಗೇಜಮ್ಮ ಅವಳ ಬೆನ್ನ ಹಿಂದೆ ಚೀಟಿಗಳನ್ನು ಪರೀಕ್ಷಿಸಿ, ತಪ್ಪಿದ್ದನ್ನು ಪೆನ್ನಿನಲ್ಲಿ ತಿದ್ದಿಡುತ್ತಿದ್ದಳು. ಬೆಳಿಗ್ಗೆ ಗಿಲಕಿ ಅದನ್ನು ನೋಡಿ, "ಅಯ್ಯೋ ಥ್ಯಾಂಕ್ಸ್ ಅತ್ತಿಗೆ! ನೀವಿಲ್ದಿದ್ರೆ ನನ್ನ ಗತಿ ಅಷ್ಟೇ," ಎನ್ನುವಳು.

ಇಷ್ಟು ಸಲೀಸಾಗಿ ಥ್ಯಾಂಕ್ಸ್ ಹೇಳುತ್ತಾಳೆಂದರೆ ಒಳಗೆ ಏನೋ ಇದೆ ಎಂದು ಗೇಜಮ್ಮನಿಗೆ ಅನಿಸಿತು.

ಗೇಜಮ್ಮ ತಾನು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಮಾತು ಬರುತ್ತಿರಲಿಲ್ಲವೆಂದಲ್ಲ. ಮನಸ್ಸಿನಲ್ಲಿ ವಾಕ್ಯ ಮಾಡುವಳು, ಅದನ್ನು ತಿರುಗಿಸಿ ಮುರುಗಿಸಿ ನೋಡುವಳು, ಎಲ್ಲೋ ಒಂದು ಸಂದೇಹ ಬರುವುದು, ತಿದ್ದುವ ಬೆಂಚಿಗೆ ವಾಪಸು ಕಳಿಸುವಳು. ಅದು ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ಮೇಷ್ಟ್ರು ಮುಂದಿನ ಪಾಠಕ್ಕೆ ಹೋಗಿರುತ್ತಿದ್ದ. ಇರಲಿ, ಪೂರ್ತಿ ಸರಿಯಾದ ಮೇಲೆ ಒಟ್ಟಿಗೆ ಮಾತಾಡಿದರಾಯಿತು ಎಂದುಕೊಂಡಳು. ತಪ್ಪು ಮಾಲು ಬಾಗಿಲು ದಾಟಬಾರದು. ಅಪ್ಪಿತಪ್ಪಿ ಎಂದಾದರೂ ಎರಡು ಪದ ಹೇಳಿದರೆ, "ಜೋಜು! ಜೋಜು!" ಎಂದು ಮೇಷ್ಟ್ರು ಚಪ್ಪಾಳೆ ತಟ್ಟುವನು.

ಅದೇ ಗಿಲಕಿ ಬಾಯಿ ತೆರೆದರೆ ಚಪ್ಪಾಳೆಯೂ ಇಲ್ಲ, ಜೋಜುವೂ ಇಲ್ಲ. "ಅಲ್ಲ. ಮತ್ತೆ," ಎನ್ನುವನು. ಅವಳು ಮತ್ತೆ ಹೇಳುವಳು. "ಅಲ್ಲ. ಮತ್ತೆ." ಒಂದು ವಾಕ್ಯಕ್ಕೆ ನಾಲ್ಕು ನಾಲ್ಕು ಸಲ. ಗೇಜಮ್ಮನಿಗೆ ಮೊದಮೊದಲು ಇದು ಹಿತವಾಗಿಯೇ ಇತ್ತು. ಹೊಟ್ಟೆಯೊಳಗೆ ತಣ್ಣಗಾಯಿತೆಂದರೂ ಸುಳ್ಳಲ್ಲ. ಆಮೇಲೆ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಟೀ ಬಿಡುವಿನಲ್ಲಿ ಮೇಷ್ಟ್ರು ಬಂದು ಕೂರುವುದು ಗಿಲಕಿಯ ಎದುರಿಗೆ. ದಿನಾ ಇಪ್ಪತ್ತು ನಿಮಿಷ. ಅವನು ಕನ್ನಡದಲ್ಲಿ ತಪ್ಪುವನು, ಇವಳು ತಿದ್ದುವಳು. ಇವಳು ಜಪಾನಿಯಲ್ಲಿ ತಪ್ಪುವಳು, ಅವನು ತಿದ್ದುವನು. ಇಷ್ಟೊಂದು ಹೂವು ಪಡೆದವಳು ತಾನಾದರೆ, ಆ ಇಪ್ಪತ್ತು ನಿಮಿಷ ತನಗೆ ಯಾಕಿಲ್ಲ?

ಮೂರನೆಯ ತಿಂಗಳಲ್ಲಿ ಅನುಮಾನಕ್ಕೆ ಕಾಲು ಬಂತು. ಸಂಜೆ ಮನೆಗೆ ಬಂದು ಮುಖ ತೊಳೆದ ಮೇಲೆ ಗಿಲಕಿ ಮೊಬೈಲು ಹಿಡಿದು ತಾರಸಿಗೆ ಹೋಗತೊಡಗಿದ್ದಳು. ದಿನಾ. ಬಟ್ಟೆ ತೆಗೆಯುವ ನೆಪದಲ್ಲಿ ಗೇಜಮ್ಮ ಮೆಟ್ಟಿಲು ಹತ್ತಿ ಅರ್ಧದಲ್ಲಿ ನಿಂತಳು. ಮೇಲಿನಿಂದ ಗಿಲಕಿಯ ದನಿ, ಅದಕ್ಕೆ ಉತ್ತರವಾಗಿ ಫೋನಿನೊಳಗಿಂದ ಹೆಂಗಸೊಬ್ಬಳ ತೆಳ್ಳನೆಯ ದನಿ. ಎರಡೂ ಜಪಾನಿ. ಓಡುವ ಮಾತು, ಒಂದು ಪದವೂ ಕೈಗೆ ಹತ್ತುವಂತಿರಲಿಲ್ಲ. ಇದ್ದಕ್ಕಿದ್ದಂತೆ ಎರಡು ಹತ್ತಿದವು. ಗಿಲಕಿ "ಗಿರಿ ನೊ ಅನೆ" ಎಂದಳು. ಅತ್ತಿಗೆ ಎಂದರ್ಥ, ಬಂಧುಗಳ ಪಾಠದಲ್ಲಿ ಗೇಜಮ್ಮ ನೂರು ಸಲ ಬರೆದಿದ್ದ ಪದ. ಆಮೇಲೆ "ಹನಮಾರು" ಎಂದಳು. ಅಲ್ಲಿಗೆ ಇಬ್ಬರೂ ಗೊಳ್ಳನೆ ನಕ್ಕರು.

ಗೇಜಮ್ಮ ಒಗೆದ ಬಟ್ಟೆ ತೆಗೆಯದೆಯೇ ಕೆಳಗೆ ಬಂದಳು. ಕಿವಿ ಬಿಸಿಯಾಗಿತ್ತು. ತನ್ನ ಹೂವುಗಳನ್ನು ಯಾವಳೋ ಪರದೇಶದವಳ ಮುಂದೆ ಆಡಿಕೊಂಡು ನಗುವಷ್ಟಾಯಿತೇ? ಕೈಹಿಡಿದು ಕೆಲಸ ಕಲಿಸಿದ್ದಕ್ಕೆ ಇದೇ ಏನು? ಕೋಪಕ್ಕಿಂತ ಹೆಚ್ಚಾಗಿ ಅವಳಿಗೆ ಅಳು ಬಂದಿತ್ತು. ಅಳುವ ಬದಲು ಡೈರಿ ತೆಗೆದು ದಿನಾಂಕ ಬರೆದು, "ಆರು ಹತ್ತರಿಂದ ಆರು ನಲವತ್ತು" ಎಂದು ಗುರುತು ಹಾಕಿಕೊಂಡಳು. ಅಂದಿನಿಂದ ದಿನವೂ ಹಾಕಿಕೊಂಡಳು.

ಒಂದು ಭಾನುವಾರ ಗಿಲಕಿ ತಲೆಸ್ನಾನಕ್ಕೆ ಹೋದಾಗ ಗೇಜಮ್ಮ ಅವಳ ಬ್ಯಾಗು ತೆರೆದಳು. ಬೇರೆಯವರ ಬ್ಯಾಗಿಗೆ ಕೈ ಹಾಕುವುದು ತಪ್ಪೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಸ್ಯಾಂಪಲ್ಲು ತೆಗೆಯದೆ ಪಾಸು ಮಾಡುವುದು ಹೇಗೆ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು. ಒಳಗೆ ಒಂದು ದಪ್ಪನೆಯ ನೋಟುಪುಸ್ತಕ. ಪ್ರತಿ ಪುಟದ ತಲೆಯಲ್ಲಿ ತಾರೀಖು, ಅದರ ಕೆಳಗೆ ಕನ್ನಡದಲ್ಲಿ "ಇವತ್ತಿನ ತಪ್ಪು" ಎಂಬ ಶೀರ್ಷಿಕೆ. ಕೆಳಗೆ ನಂಬರು ಹಾಕಿದ ತಪ್ಪುಗಳು, ಪಕ್ಕದಲ್ಲಿ ಸರಿಯಾದದ್ದು. ಒಂದೊಂದು ದಿನ ಏಳು, ಒಂದೊಂದು ದಿನ ಹದಿನೈದು. ಕೊನೆಯ ಪುಟದ ನಂಬರು ಆರುನೂರ ಹನ್ನೆರಡು.

ಆರುನೂರ ಹನ್ನೆರಡು ತಪ್ಪು! ಒಂದೇ ಒಂದು ಹೂವಿಲ್ಲ. ಇಂಥವಳು ನ್ಯಾಯವಾಗಿ ಆಯ್ಕೆಯಾಗುವ ಮಾತೇ ಇಲ್ಲ ಎಂದು ಗೇಜಮ್ಮನಿಗೆ ಸಮಾಧಾನವಾಯಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ನ್ಯಾಯವಾಗಿ ಆಗದಿದ್ದರೆ ಬೇರೆ ದಾರಿಯಿಂದ ಆಗಬಹುದಲ್ಲ?

ಆಯ್ಕೆಯ ಶನಿವಾರ ಬಂತು. ಮ್ಯಾನೇಜರ ಕೋಣೆಯಲ್ಲಿ ದೊಡ್ಡ ಪರದೆ, ಪರದೆಯಲ್ಲಿ ಗಿಡ್ಡ ಕೂದಲಿನ, ನಗುಮುಖದ ಮೇಡಂ. ಮೊದಲು ಗೇಜಮ್ಮ. ಬೆಳಿಗ್ಗೆ ಏನು ತಿಂದಿರಿ ಎಂದು ಮೇಡಂ ಜಪಾನಿಯಲ್ಲಿ ಕೇಳಿದರು. ಪ್ರಶ್ನೆ ಅರ್ಥವಾಯಿತು. ಉತ್ತರವೂ ಗೊತ್ತಿತ್ತು. ಬ್ರೆಡ್ಡು, ಬಾಳೆಹಣ್ಣು. ಎರಡನ್ನೂ ಸೇರಿಸಿ ಹೇಳಬೇಕು. ಮನಸ್ಸಿನಲ್ಲಿ ವಾಕ್ಯ ತಯಾರಾಯಿತು. ಪರೀಕ್ಷೆ ಮಾಡಿದಳು. ಎಲ್ಲೋ ಸ್ವಲ್ಪ ಅನುಮಾನ. ವಾಪಸು ಕಳಿಸಿದಳು. ಇನ್ನೊಂದು ತಂದಳು. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಕೊನೆಗೆ ಬಾಳೆಹಣ್ಣನ್ನು ಕೈಬಿಟ್ಟು, "ಬ್ರೆಡ್ಡು ತಿಂದೆ," ಎಂದಷ್ಟೇ ಜಪಾನಿಯಲ್ಲಿ ಹೇಳಿದಳು.

"ಜೋಜು!" ಎಂದು ಮೇಡಂ ಎರಡೂ ಕೈ ಸೇರಿಸಿ ಚಪ್ಪಾಳೆ ತಟ್ಟಿದರು. ಇನ್ನೂ ಮೂರು ಪ್ರಶ್ನೆ, ಮೂರು ತುಂಡು ಉತ್ತರ, ಮೂರು ಜೋಜು.

ಆಮೇಲೆ ಗಿಲಕಿ. ಕೂತದ್ದೇ ತಡ, ಶುರು ಹಚ್ಚಿಕೊಂಡಳು. ಮೇಡಂ ನಡುವೆ ತಡೆದು ತಿದ್ದಿದರು. ಗಿಲಕಿ ಹಣೆ ಚಚ್ಚಿಕೊಂಡು ಮತ್ತೆ ಹೇಳಿದಳು. ಮೇಡಂ ಏನೋ ಕೇಳಿದರೆ ಇವಳು ಯಂತ್ರವಿದ್ದ ಕೋಣೆಯ ಕಡೆ ಕೈ ತೋರಿಸಿ ತಿರುಗಿ ಏನೋ ಕೇಳಿದಳು. ಮೇಡಂ ಮುಖದ ನಗು ಹೋಗಿ, ಕನ್ನಡಕ ಹಾಕಿಕೊಂಡು ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. ಐದು ನಿಮಿಷದ್ದು ಇಪ್ಪತ್ತೈದು ನಿಮಿಷ ಎಳೆಯಿತು. ಒಂದೇ ಒಂದು ಜೋಜು ಬೀಳಲಿಲ್ಲ. ಗೇಜಮ್ಮ ಕಿವಿಯನ್ನು ನೆಟ್ಟಗೆ ಮಾಡಿಕೊಂಡೇ ಕೂತಿದ್ದಳು.

ಗೆದ್ದೆ ಎನಿಸಿತು. ಆದರೂ ಆ ಮೇಡಂ ದನಿ ಎಲ್ಲೋ ಕೇಳಿದಂತಿತ್ತು. ತಾರಸಿಯ ದನಿ ಇದೇ ಇರಬಹುದೇ? ಫೋನಿನಲ್ಲಿ ಎಲ್ಲ ಹೆಂಗಸರ ದನಿಯೂ ಒಂದೇ ಥರ ಕೇಳುತ್ತದೆ ಎಂಬ ವಿಚಾರವನ್ನು ಅವಳು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಇದೇ ಎಂದು ಭಾನುವಾರದ ಹೊತ್ತಿಗೆ ಖಚಿತವಾಗಿತ್ತು. ಕೂತು ಒಂದು ವರದಿ ಬರೆದಳು, ಶಾಫ್ಟಿಗೆ ಬರೆಯುವ ತಪಾಸಣೆ ವರದಿಯ ಮಾದರಿಯಲ್ಲೇ. ಮೊದಲ ಕಾಲಮ್ಮಿನಲ್ಲಿ ದಿನಾಂಕ, ಎರಡನೆಯದರಲ್ಲಿ ತಾರಸಿಯ ಹೊತ್ತು, ಮೂರನೆಯದರಲ್ಲಿ ಕೇಳಿಸಿದ ಮಾತು, ಅದರ ಕೊನೆಗೆ ತಪ್ಪುಗಳ ಲೆಕ್ಕ. ಕೆಳಗೆ ಷರಾ: ಅಭ್ಯರ್ಥಿಯು ಆಯ್ಕೆ ಮಾಡುವವರೊಂದಿಗೆ ಪಾಠದ ಮೂರನೆಯ ತಿಂಗಳಿಂದ ಗುಟ್ಟಾಗಿ ಸಂಪರ್ಕದಲ್ಲಿದ್ದಾರೆ, ಎಂಜಿನಿಯರರೂ ಇದರಲ್ಲಿ ಭಾಗಿ, ತಿರಸ್ಕರಿಸತಕ್ಕದ್ದು. ಮಡಚಿ ಬ್ಯಾಗಿನಲ್ಲಿಟ್ಟಳು. ಗೆದ್ದರೆ ಹರಿದು ಬಿಸಾಡಿದರಾಯಿತು ಎಂದುಕೊಂಡಳು.

ಸೋಮವಾರ ಮ್ಯಾನೇಜರು ಮೇಷ್ಟ್ರೂ ಸೇರಿ ಮೂವರನ್ನೂ ಕರೆಸಿದರು. ಗಿಲಕಿಯ ಹೆಸರು ಹೇಳಿದರು.

ಗಿಲಕಿ ಅಳುತ್ತಾ ನಗುತ್ತಾ ಅತ್ತಿಗೆಯ ಕಡೆಗೆ ತಿರುಗಿ ಕೈ ಚಾಚಿದಳು. ಗೇಜಮ್ಮ ಆ ಕೈ ದಾಟಿಕೊಂಡು ಹೋಗಿ ವರದಿಯನ್ನು ಮೇಜಿನ ಮೇಲಿಟ್ಟಳು.

ಮ್ಯಾನೇಜರು ಓದಿದರು. ಓದುತ್ತಾ ಓದುತ್ತಾ ದನಿ ಏರಿಸಿ ಓದತೊಡಗಿದರು. ಮುಗಿಸಿ ಹಾಳೆಯನ್ನು ಮೇಜಿನ ಮೇಲಿಟ್ಟರು.

"ಇದು ನಿಜವೇನಮ್ಮಾ?" ಎಂದು ಗಿಲಕಿಯನ್ನು ಕೇಳಿದರು. "ದಿನಾ ಯಾರ ಜೊತೆ ಮಾತಾಡ್ತಿದ್ದೆ?"

ಗಿಲಕಿ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಕೈಯೆತ್ತಿದ. ಅವನ ಮುಖದಲ್ಲಿ ಕೋಪವಿರಲಿಲ್ಲ, ಗಾಬರಿಯಿತ್ತು. "ಗೇಜಮ್ಮ, ನಿಮ್ಮ ಪುಸ್ತಕ. ಸಂಖ್ಯೆ ಪಾಠ. ದೊಡ್ಡ ಹೂವು ಪುಟ," ಎಂದ.

ಅವಳು ಬ್ಯಾಗಿನಿಂದ ತೆಗೆದು ಕೊಟ್ಟಳು. ಪುಟದ ತುಂಬ ಅಚ್ಚು ಹಾಕಿದಂಥ ಐವತ್ತು ಸಾಲು. ಮೇಷ್ಟ್ರು ಒಂದು ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಅಂಕಿಯನ್ನು ಕನ್ನಡದಲ್ಲಿ ಓದುತ್ತಾ ಹೋದ. ಓದಿದಂತೆಲ್ಲ ಗಿಲಕಿ ತನ್ನ ಮೊಬೈಲನ್ನು ಮ್ಯಾನೇಜರ ಮುಂದೆ ಹಿಡಿದು ತೋರಿಸಿದಳು. ದಿನವೂ ಆರು ಹತ್ತಕ್ಕೆ ಕರೆ ಹೋದ ನಂಬರು. ಒಂದಂಕಿಯೂ ತಪ್ಪದೆ ಅದೇ.

"ಇದು ನನ್ನ ಅಮ್ಮ," ಎಂದ ಮೇಷ್ಟ್ರು. "ಎಂಬತ್ತಮೂರು ವರ್ಷ. ಒಬ್ಬರೇ ಇದೆ. ನಾನು ಆ ದಿನ ಇಬ್ಬರಿಗೂ ಹೇಳಿದರು. ಅಮ್ಮ ಫೋನ್ ಮಾಡಿ, ತಪ್ಪು ಮಾತಾಡಿ, ಅಮ್ಮ ಕೋಪ ಇಲ್ಲ, ಅಮ್ಮ ಖುಷಿ. ಗಿಲಕಿ ಫೋನ್ ಮಾಡಿತು. ನೀವು ತುಂಬ ಚೆನ್ನಾಗಿ ಬರೆದಿತ್ತು. ನಾನು ಹೂವು ಕೊಟ್ಟರು."

ಗೇಜಮ್ಮನ ಕಣ್ಣು ಆ ಪುಟದಿಂದ ಮೇಲೇಳಲಿಲ್ಲ. ಐವತ್ತು ಸಲ ಬರೆದಿದ್ದಳು. ಒಂದು ಸಲವೂ ಇದು ಯಾರದು ಎಂದು ಕೇಳಿರಲಿಲ್ಲ.

"ಮತ್ತೆ ಜೋಜು?" ಎಂದಳು. ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಾಗಿತ್ತು. "ನನಗೆ ಅಷ್ಟು ಜೋಜು ಅಂದ್ರಲ್ಲ, ಆ ಮೇಡಮ್ಮೂ ಅಂದ್ರಲ್ಲ. ಅವಳಿಗೆ ಒಂದೂ ಇಲ್ಲ."

ಮೇಷ್ಟ್ರು ಸ್ವಲ್ಪ ಹೊತ್ತು ಕನ್ನಡದ ಪದಗಳಿಗಾಗಿ ತಡಕಾಡಿದ. "ಮಗು ನಡೆಯುತ್ತದೆ, ಎಲ್ಲರೂ ಚಪ್ಪಾಳೆ. ದೊಡ್ಡವರು ನಡೆಯುತ್ತದೆ, ಚಪ್ಪಾಳೆ ಇಲ್ಲ. ದಾರಿ ತಪ್ಪಿದೆ, ಆ ಕಡೆ ಹೋಗಿ, ಹೀಗೆ ಹೇಳುತ್ತಾರೆ. ನಮ್ಮ ಊರು ಹಾಗೆ." ಆಮೇಲೆ ತಲೆ ಬಗ್ಗಿಸಿ, "ನನ್ನ ತಪ್ಪು. ನಿಮಗೆ ಹೂವು ಜಾಸ್ತಿ ಆಯಿತು. ನೀವು ಬಾಯಿ ತೆರೆಯಲಿ ಎಂದು ಕೊಟ್ಟರು," ಎಂದ.

ಮ್ಯಾನೇಜರು ವರದಿಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿ, ಯಾರ ಮುಖವನ್ನೂ ನೋಡದೆ, ಕೆಲಸಕ್ಕೆ ಹೋಗಿ ಎಂದರು. ಬಾಗಿಲ ಬಳಿ ಗಿಲಕಿ ನಿಂತಳು.

"ಮೂರನೇ ಕಾಲಮ್ಮಿನ ಕೊನೇಲಿ ಆರುನೂರ ಹನ್ನೆರಡು ತಪ್ಪು ಅಂತ ಬರೆದಿದ್ರಿ," ಎಂದಳು. "ನನ್ನ ಬ್ಯಾಗ್ ತೆಗೆದು ನೋಡಿದ್ರಾ ಅತ್ತಿಗೆ? ಕೇಳಿದ್ರೆ ನಾನೇ ಕೊಡ್ತಿದ್ದೆ."

ಅಷ್ಟು ಹೇಳಿ ಹೋದವಳು ಆಮೇಲೆ ಮಾತು ನಿಲ್ಲಿಸಿದಳು. ಜಗಳವಿಲ್ಲ, ಮುಖ ತಿರುಗಿಸುವುದೂ ಇಲ್ಲ. ತಟ್ಟೆ ಕೊಟ್ಟರೆ ತೆಗೆದುಕೊಳ್ಳುವಳು, ಕೇಳಿದರೆ ಹೂಂ ಎನ್ನುವಳು. ಗೋಡೆಯ ಚೀಟಿಗಳನ್ನೆಲ್ಲ ಒಂದೊಂದಾಗಿ ಕಿತ್ತಳು. ಹಲ್ಲುಜ್ಜುವಾಗ ಹಲ್ಲಷ್ಟೇ ಉಜ್ಜಿದಳು. ಮೂರು ದಿನ ಮನೆಯಲ್ಲಿ ಬೆಕ್ಕನ್ನು ಬೈಯುವವರಿರಲಿಲ್ಲ. "ಏನೇ ಇದು, ಮನೇಲಿ ಯಾರೋ ಹೋದ ಹಾಗಿದೆ," ಎಂದು ಅತ್ತೆ ಗೊಣಗಿದರು. ಇನ್ನು ಹತ್ತು ದಿನಕ್ಕೆ ಗಿಲಕಿಯ ವಿಮಾನವಿತ್ತು. ಕುರ್ಚಿ ಹೋದ ನೋವು ಎಲ್ಲಿ ಅಡಗಿತೋ, ಈ ಹುಡುಗಿ ಹೀಗೆಯೇ ಹೊರಟುಹೋದರೆ ಎಂಬ ಹೆದರಿಕೆಯೇ ಗೇಜಮ್ಮನಿಗೆ ದೊಡ್ಡದಾಯಿತು.

ನಾಲ್ಕನೆಯ ದಿನ ಸಂಜೆ ಅವಳೇ ತಾರಸಿ ಹತ್ತಿದಳು. ಕೈಯಲ್ಲಿ ಪುಸ್ತಕ, ದೊಡ್ಡ ಹೂವಿನ ಪುಟ. ಹಗ್ಗದ ಮೇಲೆ ಬಟ್ಟೆಗಳು ಒಣಗಿ ಗರಿಗರಿಯಾಗಿದ್ದವು. ಅಂಕಿಗಳನ್ನು ನೋಡಿ ನೋಡಿ ಒತ್ತಿದಳು. ಹೇಳಬೇಕಾದ ವಾಕ್ಯ ಇನ್ನೂ ತಯಾರಾಗಿರಲಿಲ್ಲ, ಆದರೂ ಒತ್ತಿದಳು.

ತೆಳ್ಳನೆಯ ದನಿ ಬಂತು. ಪರದೆಯ ಮೇಡಮ್ಮಿನ ದನಿಗೂ ಇದಕ್ಕೂ ಎಳ್ಳಷ್ಟೂ ಹೋಲಿಕೆಯಿರಲಿಲ್ಲ. ಮುದುಕಿಯ ದನಿ, ಸ್ವಲ್ಪ ಬಿರುಕು ಬಿಟ್ಟದ್ದು. ಗೇಜಮ್ಮ ತನ್ನ ಹೆಸರು ಹೇಳಿದಳು. ಗಿಲಕಿಯ ಹೆಸರು ಹೇಳಿದಳು. "ಗಿರಿ ನೊ ಅನೆ," ಎಂದಳು. ಅಲ್ಲಿಗೆ ಸರಕು ಮುಗಿದು ನಿಂತಳು.

"ಆಆ!" ಎಂದಿತು ಫೋನು. "ಹನಮಾರು ನೊ ಒನೇಸಾನ್!"

ಹೂವಿನ ಅಕ್ಕ. ಅರ್ಥ ಮಾಡಿಕೊಳ್ಳಲು ಗೇಜಮ್ಮನಿಗೆ ಪುಸ್ತಕ ಬೇಕಾಗಲಿಲ್ಲ. ಮುದುಕಿ ಮಾತಾಡುತ್ತಲೇ ಹೋದಳು. ಹತ್ತು ಮಾತಿಗೆ ಒಂದು ಹತ್ತುತ್ತಿತ್ತು. ಮೈನಿಚಿ ಎಂದಳು, ಪ್ರತಿದಿನ ಎಂದರ್ಥ. ಮೈನಿಚಿ, ಮೈನಿಚಿ, ಎಂದು ಒತ್ತಿ ಒತ್ತಿ ಹೇಳಿದಳು. ಆಮೇಲೆ ಒಂದು, ಎರಡು, ಮೂರು ಎಂದು ಎಣಿಸತೊಡಗಿದಳು. ಗೇಜಮ್ಮ ಸಂಖ್ಯೆಗಳನ್ನು ಚೆನ್ನಾಗಿಯೇ ಕಲಿತಿದ್ದಳಲ್ಲ, ಒಂದೊಂದೂ ಕಿವಿಗೆ ಸ್ಪಷ್ಟವಾಗಿ ಬಿತ್ತು. ಇಪ್ಪತ್ತೊಂಬತ್ತು. ಮೂವತ್ತು. ಮೂವತ್ತೊಂದು. ಗೇಜಮ್ಮನ ಪುಸ್ತಕದಲ್ಲಿದ್ದ ಹೂವುಗಳೂ ಸರಿಯಾಗಿ ಅಷ್ಟೇ. ಅಲ್ಲಿಗೆ ನಿಲ್ಲಿಸಿ ಮುದುಕಿ ಸಂತೋಷದಿಂದ ನಕ್ಕಳು. ಮೆಟ್ಟಿಲಿನಲ್ಲಿ ನಿಂತು ಕೇಳಿದ್ದ ಅದೇ ನಗು.

ತನ್ನ ಹೂವುಗಳನ್ನು ತಾನೊಬ್ಬಳೇ ಎಣಿಸುತ್ತಿದ್ದೇನೆ ಎಂದು ಗೇಜಮ್ಮ ತಿಳಿದಿದ್ದಳು. ಗಿಲಕಿಯೂ ಎಣಿಸುತ್ತಿದ್ದಳು. ತನಗೆ ಸಿಗುವುದು ನಿಂತುಹೋದ ಹೂವು ಅತ್ತಿಗೆಗೆ ಇವತ್ತೂ ಸಿಕ್ಕಿತು ಎಂದು ಸಮುದ್ರದಾಚೆಯ ಒಬ್ಬ ಮುದುಕಿಗೆ ದಿನವೂ ಹೇಳಿ ಹೆಮ್ಮೆಪಡುತ್ತಿದ್ದಳು. ಗೇಜಮ್ಮ ಒಣಗಿದ ಬಟ್ಟೆಯೊಂದನ್ನು ಎಳೆದುಕೊಂಡು ಮುಖಕ್ಕೆ ಒತ್ತಿಕೊಂಡಳು. ಫೋನಿನಲ್ಲಿ ಮುದುಕಿ ಹಲೋ ಹಲೋ ಎನ್ನುತ್ತಿದ್ದಳು.

ಕೆಳಗೆ ಗಿಲಕಿ ಮಂಚದ ಮೇಲೆ ಸೂಟ್‌ಕೇಸು ತೆರೆದಿಟ್ಟು, ಬಾಗಿಲಿಗೆ ಬೆನ್ನು ಹಾಕಿ ಸ್ವೆಟರು ಮಡಚುತ್ತಿದ್ದಳು. ಗೇಜಮ್ಮ ಹೊಸ್ತಿಲಲ್ಲಿ ನಿಂತಳು. ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ. ಜಪಾನಿಯಲ್ಲಿ ವಾಕ್ಯ ಪೂರ್ತಿಯಾಗಿರಲಿಲ್ಲ. ಎಲ್ಲೋ ಸೊಟ್ಟಗಿತ್ತು, ಎಲ್ಲೆಂದು ಗೊತ್ತಿರಲಿಲ್ಲ. ಹದಿನಾರು ವರ್ಷದಲ್ಲಿ ಮೊದಲ ಸಲ ಅವಳು ಪರೀಕ್ಷಿಸದ ಮಾಲನ್ನು ಬಾಗಿಲು ದಾಟಿಸಿದಳು. ಬ್ಯಾಗು, ನಾನು, ನೋಡುವುದು, ಕೆಟ್ಟದ್ದು, ನೀನು, ಒಳ್ಳೆಯ ತಂಗಿ, ಕ್ಷಮಿಸು. ಹಾಗೆ ಏನೋ ಒಂದು, ಗಟ್ಟಿಯಾಗಿ, ತಡವರಿಸುತ್ತಾ.

ಗಿಲಕಿಯ ಕೈ ಸ್ವೆಟರಿನ ಮೇಲೆ ನಿಂತಿತು. ತಿರುಗಲಿಲ್ಲ. ಜೋಜು ಎಂದುಬಿಟ್ಟರೆ ಎಲ್ಲ ಮುಗಿಯಿತು ಎಂದು ಗೇಜಮ್ಮ ಕಾದಳು.

"ಅಲ್ಲ," ಎಂದಳು ಗಿಲಕಿ. ದನಿ ಒದ್ದೆಯಾಗಿತ್ತು. "ಮೂರು ಕಡೆ ತಪ್ಪಿದೆ ಅತ್ತಿಗೆ. ಮತ್ತೆ ಹೇಳಿ."

ಗೇಜಮ್ಮ ಮತ್ತೆ ಹೇಳಿದಳು.